ವಿಮಾನ ನಮ್ಮಂಥವರಿಗಲ್ಲ ಎನ್ನುವವರಿಗೆ

ಹುಬ್ಬಳ್ಳಿ-ಧಾರವಾಡದ ಸಾಮಾನ್ಯ ಸಂಸಾರದವರೂ ಗೋಕುಲ ರಸ್ತೆಯ ವಿಮಾನ ನಿಲ್ದಾಣವನ್ನು ಬಳಸಲು ಕಲಿಯಬೇಕು ಎಂದು ಹೇಳಿದಾಗಲೆಲ್ಲ ನನಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಅದು ನಮ್ಮಂಥಾವ್ರಿಗಲ್ಲ ಬಿಡ್ರಿ.’ ಹೀಗನ್ನುವವರಲ್ಲಿ ನಿವೃತ್ತ ಮಾಸ್ತರರಿದ್ದಾರೆ, ಅಂಗಡಿ ಇಟ್ಟವರಿದ್ದಾರೆ, ಮಕ್ಕಳನ್ನು ದೂರದ ಊರಿಗೆ ನೌಕರಿಗೆ ಕಳಿಸಿದ ತಾಯಂದಿರಿದ್ದಾರೆ. ಅವರ ಅಂಜಿಕೆ ಸುಳ್ಳಲ್ಲ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ತಪ್ಪು. ಸಾಮಾನ್ಯರಿಗೆ ವಿಮಾನ ದುಬಾರಿಯಾಗುವುದು ಬರೀ ದರದಿಂದಲ್ಲ. ಅದರ ನಿಯಮಗಳನ್ನು ಯಾರೂ ಹೇಳಿಕೊಟ್ಟಿಲ್ಲದ್ದರಿಂದಲೂ ಹೌದು.

‘ಶ್ರೀಮಂತರ ಸವಾರಿ’ ಎಂಬ ಮಾತಿನಿಂದಲೇ ಸುರು ಮಾಡೋಣ. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ತನ್ನ ಮೊದಲ ವಿಮಾನ ಹಾರಿಸಿದ್ದು ಬೆಂಗಳೂರಿನಿಂದ ನಮ್ಮ ಹುಬ್ಬಳ್ಳಿಗೆ. ಆರ್.ಕೆ. ಲಕ್ಷ್ಮಣರ ‘ಕಾಮನ್ ಮ್ಯಾನ್’ ಆ ಕಂಪನಿಯ ಗುರುತಾಗಿದ್ದ. 2008ರಲ್ಲಿ ಅದು ಕಿಂಗ್‌ಫಿಷರ್‌ನಲ್ಲಿ ಸೇರಿಹೋಯಿತು. ಆದರೆ ಊಟ ಬೇಡದವರು ಊಟದ ದುಡ್ಡು ಕೊಡಬೇಕಿಲ್ಲ ಎಂಬ ಅದರ ಲೆಕ್ಕ ದೇಶಕ್ಕೆಲ್ಲ ಹಬ್ಬಿತು. ದೇಶದ ಅಗ್ಗದ ವಿಮಾನಯಾನಕ್ಕೆ ದಾರಿ ತೋರಿದ ಊರಿನವರೇ ಅದು ನಮ್ಮದಲ್ಲ ಎಂದರೆ ನನಗೆ ನೋವಾಗುತ್ತದೆ.

‘ಉಡಾನ್ ಅಂತ 2,500 ರೂಪಾಯಿ ಟಿಕೆಟ್ ಕೊಡ್ತೀವಿ ಅಂದಿದ್ರಲ್ಲ, ಎಲ್ಲಿ ಹೋತು?’ ನ್ಯಾಯವಾದ ಪ್ರಶ್ನೆ. 2017ರಲ್ಲಿ ಸುರುವಾದ ಆ ಯೋಜನೆಯಲ್ಲಿ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳ ದರವನ್ನಷ್ಟೇ ಕಟ್ಟಿಹಾಕಿದ್ದರು. ಸರ್ಕಾರದ ನೆರವೂ ಮೂರು ವರ್ಷದ ಮಟ್ಟಿಗೆ. 2023ರ ಸಿಎಜಿ ವರದಿಯ ಪ್ರಕಾರ, ಮೊದಲ ಹಂತಗಳಲ್ಲಿ ಹಂಚಿದ 774 ಮಾರ್ಗಗಳಲ್ಲಿ ಮೂರು ವರ್ಷ ದಾಟಿಯೂ ಉಳಿದದ್ದು 54 ಮಾತ್ರ. ಇದು ಸರ್ಕಾರದ ಸೋಲು, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ಆದರೆ ನೆರವು ಮುಗಿಯಿತೆಂದರೆ ಅಗ್ಗದ ಟಿಕೆಟ್ಟೂ ಮುಗಿಯಿತು ಎಂದಲ್ಲ. ದರ ಈಗ ಬೇಡಿಕೆ ನೋಡಿ ಏರಿಳಿಯುತ್ತದೆ. ದೀಪಾವಳಿಯ ಹಿಂದಿನ ದಿನವೇ ಬೇಕೆಂದವರಿಗೆ ಅದು ದುಬಾರಿ. ಹಬ್ಬದ ನಾಲ್ಕು ದಿನ ಮೊದಲು ಬಂದು ವಾರದ ನಡುವೆ ಮರಳುವ ನಿವೃತ್ತರಿಗೆ ಅಷ್ಟು ದುಬಾರಿಯಲ್ಲ. ಹೊಂದಿಸಿಕೊಳ್ಳಲು ಬಿಡುವು ಇರುವವರೇ ‘ನಮಗಲ್ಲ’ ಎನ್ನುತ್ತಾರೆ, ನನ್ನ ಬೇಸರ ಅದು.

‘ವಂದೇ ಭಾರತ್ ಇರುವಾಗ ವಿಮಾನ ಯಾಕೆ?’ ಬೆಂಗಳೂರಿಗಾದರೆ ಒಪ್ಪಿದೆ. 2023ರ ಜೂನ್‌ನಿಂದ ಧಾರವಾಡ-ಬೆಂಗಳೂರು ನಡುವೆ ಆ ರೈಲು ಓಡುತ್ತಿದೆ. ದೇವನಹಳ್ಳಿ ನಿಲ್ದಾಣದಲ್ಲಿ ಇಳಿದು ಮೆಜೆಸ್ಟಿಕ್‌ವರೆಗೆ ಮತ್ತೆ ಸುಮಾರು 35 ಕಿ.ಮೀ. ಹೋಗುವ ಹೊತ್ತು, ಖರ್ಚು ಸೇರಿಸಿದರೆ ರೈಲೇ ಮೇಲು. ನಾನು ಹೇಳುತ್ತಿರುವುದು ದಿಲ್ಲಿ, ಕಾಶಿ, ಕೋಲ್ಕತ್ತದಂಥ ದೂರದ ಊರಿನ ಮಾತು. ಅಲ್ಲಿ ಸ್ಲೀಪರ್ ಟಿಕೆಟ್ಟಿನ ದರವೊಂದನ್ನೇ ವಿಮಾನದ ದರದ ಪಕ್ಕ ಇಡುವುದು ಸರಿಯಲ್ಲ. ಹೋಗುವಾಗಿನ, ಬರುವಾಗಿನ ಊಟ-ತಿಂಡಿ, ಅಂಗಡಿ ಮುಚ್ಚಿದ ದಿನಗಳು, ಮೊಣಕಾಲು ನೋವಿನ ತಾಯಿ ಮೇಲಿನ ಬರ್ತ್ ಕೆಳಗೆ ಕುಗ್ಗಿ ಕೂತ ರಾತ್ರಿಗಳು, ಇವೆಲ್ಲ ಲೆಕ್ಕಕ್ಕೆ ಬರಬೇಕು. ಬೆಳಗಾವಿ ಅಥವಾ ಗೋವಾದಿಂದ ಹಾರಿದರೆ ಅಗ್ಗ ಎನ್ನುವವರೂ ಅಲ್ಲಿಗೆ ಹೋಗುವ ಕಾರಿನ ಬಾಡಿಗೆ ಕೂಡಿಸಿಯೇ ಹೇಳಲಿ.

ಇನ್ನು ‘ತೋರಿಸೋದು ಒಂದು ದರ, ತಗೊಳ್ಳೋದು ಇನ್ನೊಂದು’ ಎಂಬ ದೂರು. ಎದುರಾಳಿಗಳ ಮಾತಿನಲ್ಲಿ ಹೆಚ್ಚು ಸತ್ಯವಿರುವುದು ಇಲ್ಲೇ, ನನಗೆ ಸಿಟ್ಟು ಬರುವುದೂ ಇಲ್ಲೇ. ಟಿಕೆಟ್ ಮಾಡುವಾಗ ಒಂದೊಂದು ಪುಟವನ್ನೂ ನಿಧಾನವಾಗಿ ನೋಡಿ. ಹೆಸರು, ವಯಸ್ಸು ತುಂಬಿದ ಮೇಲೆ ವಿಮೆಯ ಪುಟ ಬರುತ್ತದೆ, ಬೇಡವಾದರೆ ಬೇಡ ಎನ್ನಬಹುದು. ಆಮೇಲೆ ಸೀಟಿನ ನಕ್ಷೆ. ಕಿಟಕಿ ಪಕ್ಕ ಇಷ್ಟು, ಮುಂದಿನ ಸಾಲು ಇಷ್ಟು ಎಂದು ಬಣ್ಣಬಣ್ಣದಲ್ಲಿ ತೋರಿಸುತ್ತಾರೆ. ಸೀಟು ಆರಿಸದೆ ಮುಂದೆ ಹೋಗುವ ದಾರಿ ಅದೇ ಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಒತ್ತಿದರೂ ನಿಮಗೆ ಸೀಟು ಸಿಕ್ಕೇ ಸಿಗುತ್ತದೆ, ನಿಂತು ಹೋಗುವ ವಿಮಾನ ಇಲ್ಲ. ಬೋರ್ಡಿಂಗ್ ಪಾಸನ್ನು ಮೊಬೈಲಿನಲ್ಲೇ ಪುಕ್ಕಟೆ ತೆಗೆಯಬಹುದು. ಅದು ಬಾರದವರಿಂದ ಕೌಂಟರಿನಲ್ಲಿ ಪಾಸ್ ಕೊಡಲು ಬೇರೆ ಹಣ ಕೇಳುವಂತಿಲ್ಲ ಎಂದು 2022ರ ಜುಲೈನಲ್ಲೇ ವಿಮಾನಯಾನ ಸಚಿವಾಲಯ ಹೇಳಿದೆ. ಹೆಸರಿನ ಅಕ್ಷರ ತಪ್ಪಿದ್ದರೆ, ಕಂಪನಿಯ ಜಾಲತಾಣದಲ್ಲೇ ಟಿಕೆಟ್ ಮಾಡಿದವರು 24 ಗಂಟೆಯೊಳಗೆ ತಿಳಿಸಿದರೆ ತಿದ್ದಲು ದುಡ್ಡಿಲ್ಲ. ಹೋಗುವುದು ತಪ್ಪಿದರೆ ಟಿಕೆಟ್ ಹಾಗೇ ಬಿಟ್ಟುಬಿಡಬೇಡಿ. ಮೂಲದರ ಮುಳುಗಿದರೂ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಮರಳಿಸಲೇಬೇಕು. ಕೇಳುವವರಿಲ್ಲದೆ ಉಳಿಯುವ ಆ ಹಣ ಸಣ್ಣದಲ್ಲ.

ಲಗೇಜಿನ ದಂಡವೂ ಇದೇ ಜಾತಿಯದು. ಒಳನಾಡಿನ ಸಾಮಾನ್ಯ ಟಿಕೆಟ್ಟಿಗೆ ಹೆಚ್ಚಾಗಿ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಮನೆಯಲ್ಲೇ ತೂಗಿ. ಹೆಚ್ಚಾಗುವುದು ಖಾತ್ರಿಯಿದ್ದರೆ ಮೊದಲೇ ಆನ್‌ಲೈನಿನಲ್ಲಿ ಕಟ್ಟಿಬಿಡಿ, ಕೌಂಟರಿನಲ್ಲಿ ಕಟ್ಟುವುದಕ್ಕಿಂತ ಕಡಿಮೆಯಾಗುತ್ತದೆ.

ಈಗ ಅವರ ದೊಡ್ಡ ಅಸ್ತ್ರಕ್ಕೆ ಬರುತ್ತೇನೆ. ‘ಆ ರಿಸೆಪ್ಷನ್ ಮರೆತ್ರೇನು?’ ಮರೆತಿಲ್ಲ. 2025ರ ಡಿಸೆಂಬರ್ ಮೊದಲ ವಾರ ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಸಿದ್ಧತೆಯಿಲ್ಲದೆ ಇಂಡಿಗೋ ಸಾವಿರಾರು ವಿಮಾನ ರದ್ದುಮಾಡಿತು. ಭುವನೇಶ್ವರದಿಂದ ಬೆಂಗಳೂರಿನ ಮೇಲೆ ಹುಬ್ಬಳ್ಳಿಗೆ ಬರಬೇಕಿದ್ದ ನವದಂಪತಿ ಅಲ್ಲೇ ಸಿಕ್ಕಿಕೊಂಡರು. ಇಲ್ಲಿ ಗುಜರಾತ್ ಭವನದಲ್ಲಿ ಬಂಧುಬಳಗ ಸೇರಿತ್ತು. ವಧೂವರರ ಕುರ್ಚಿಯಲ್ಲಿ ತಂದೆತಾಯಿ ಕೂತರು, ಮದುಮಕ್ಕಳು ಅಲಂಕಾರ ಮಾಡಿಕೊಂಡು ಪರದೆಯ ಮೇಲೆ ಕಾಣಿಸಿಕೊಂಡರು. ಆ ಮನೆಯವರ ಸಂಕಟಕ್ಕೆ ನನ್ನಲ್ಲಿ ಸಮಾಧಾನದ ಮಾತಿಲ್ಲ. ಆದರೆ ಇದರಿಂದ ‘ವಿಮಾನವೇ ಬೇಡ’ ಎಂಬ ಪಾಠ ಹೊರಡುವುದಿಲ್ಲ. ತಪ್ಪಿಸಲಾಗದ ಕಾರ್ಯವಿದ್ದರೆ ನಡುವೆ ಒಂದೆರಡು ದಿನ ಬಿಟ್ಟು ಬರಬೇಕು. ಬೆಂಗಳೂರಿನಲ್ಲಿ ವಿಮಾನ ಬದಲಿಸುವುದಿದ್ದರೆ ಎರಡೂ ಹಾರಾಟ ಒಂದೇ ಪಿಎನ್ಆರ್‌ನಲ್ಲಿರಬೇಕು. ಬೇರೆ ಬೇರೆ ಟಿಕೆಟ್ ಮಾಡಿದವರ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿ ಹೊಣೆಯಲ್ಲ.

ಹಕ್ಕುಗಳೂ ಇವೆ. ಹೇಳದೆ ಕೇಳದೆ ವಿಮಾನ ರದ್ದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ಹಣ ಕೊಡಬೇಕು. ಅದರ ಮೇಲೆ ಪರಿಹಾರವೂ ಉಂಟು: ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕೂ ಉದ್ದವಾದರೆ 10,000 ರೂಪಾಯಿ, ಅಥವಾ ಮೂಲದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದಂಥ ಕೈಮೀರಿದ ಕಾರಣವಿದ್ದರೆ ಪರಿಹಾರ ಇಲ್ಲ. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳಬೇಕು: ಏಜೆಂಟರ ಕೈಲಿ ಟಿಕೆಟ್ ಮಾಡಿಸುವವರು ಅದರಲ್ಲಿ ತಮ್ಮ ಮೊಬೈಲ್ ನಂಬರನ್ನೇ ಹಾಕಿಸಿ. ಏಜೆಂಟರ ನಂಬರಿದ್ದರೆ ರದ್ದಾದ ಸುದ್ದಿ ಅವರಿಗೆ ಹೋಗುತ್ತದೆ, ನೀವು ನಿಲ್ದಾಣದ ಬಾಗಿಲಲ್ಲಿ ನಿಂತಿರುತ್ತೀರಿ. ಸರಿಯಾದ ಸಂಪರ್ಕ ಕೊಡದ ಪ್ರಯಾಣಿಕನಿಗೆ ಪರಿಹಾರವೂ ಸಿಗದು.

‘ದೊಡ್ಡ ಕಂಪನಿ ಜೊತೆ ನಾವು ಜಗಳಾಡೋದೆಲ್ಲಿ?’ ಧಾರವಾಡದಲ್ಲೇ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ. ಮೊದಲು ಕಂಪನಿಗೆ ಬರೆಯಿರಿ, ಆಮೇಲೆ 1915ಕ್ಕೆ ಕರೆ ಮಾಡಿ. ಮೆಸೇಜು, ರಸೀದಿ ಅಳಿಸಬೇಡಿ.

ಕಡೆಯ ಆಕ್ಷೇಪ ಹಿರಿಯರದು: ‘ಇಂಗ್ಲಿಷ್ ಬರಂಗಿಲ್ಲ, ನಡಿಯಾಕ ಆಗಂಗಿಲ್ಲ, ಅಲ್ಲಿ ಮರ್ಯಾದಿ ಹೋಗ್ತದ.’ ನಡೆಯಲಾಗದವರಿಗೆ ಗಾಲಿಕುರ್ಚಿ ಬೇಕೆಂದು ಟಿಕೆಟ್ ಮಾಡುವಾಗಲೇ ಬರೆಸಿ. ಅದನ್ನು ತಳ್ಳುವವರು ತಪಾಸಣೆ ದಾಟಿಸಿ ವಿಮಾನದ ಬಾಗಿಲಿಗೆ ಮುಟ್ಟಿಸುತ್ತಾರೆ. ಆಧಾರ್ ಕಾರ್ಡಿನ ಹೆಸರೇ ಟಿಕೆಟ್ಟಿನಲ್ಲಿರಲಿ. ಮಕ್ಕಳಿಗೆಂದು ಒಯ್ಯುವ ರೊಟ್ಟಿ, ಪೇಢೆಗೆ ತಕರಾರಿಲ್ಲ. ಎಣ್ಣೆ ತೇಲುವ ಉಪ್ಪಿನಕಾಯಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆಸುತ್ತಾರೆ, ಅದನ್ನು ಬಿಗಿಯಾಗಿ ಕಟ್ಟಿ ದೊಡ್ಡ ಬ್ಯಾಗಿನಲ್ಲಿಡಿ. ಪವರ್ ಬ್ಯಾಂಕ್ ದೊಡ್ಡ ಬ್ಯಾಗಿನಲ್ಲಿ ಇರಕೂಡದು, ಕೈಚೀಲದಲ್ಲೇ ಇರಬೇಕು. ಒಣ ಕೊಬ್ಬರಿ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ಚೆಕ್-ಇನ್ ಬ್ಯಾಗಿಗೆ ನಿಷಿದ್ಧ. ಉಡಿ ತುಂಬಲು ಬೇಕಾದರೆ ಹೋದ ಊರಿನಲ್ಲೇ ಕೊಂಡರಾಯಿತು.