ಪೈಲವಾನರ ಮೇಳವೂ ನಮ್ಮ ಹೊಣೆಯೂ

ರೋಣ, ನರಗುಂದ, ಗಜೇಂದ್ರಗಡಗಳ ಹಳೆಯ ಪೈಲವಾನರನ್ನು ಒಂದೆಡೆ ಕೂಡಿಸಿ, ಭಾರತೀಯ ಕುಸ್ತಿಯ ಇತಿಹಾಸವನ್ನು ಸ್ಮರಿಸುವ ಸಹಾಯಾರ್ಥ ಮೇಳವೊಂದು ಜರುಗಬೇಕೆಂಬುದು ನಮ್ಮ ಮತವು.

೧೯೫೨ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಸಿನಲ್ಲಿ ಖಾಶಾಬಾ ಜಾಧವರು ಕಂಚಿನ ಪದಕವನ್ನು ಗೆದ್ದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲನೆಯ ವೈಯಕ್ತಿಕ ಪದಕವದು. ಅವರ ಪ್ರಯಾಣಕ್ಕೆಂದು ಊರವರು ವಂತಿಗೆ ಎತ್ತಿದರು. ಕೊಲ್ಲಾಪುರದ ಅವರ ಕಾಲೇಜಿನ ಪ್ರಿನ್ಸಿಪಾಲರು ಸ್ವಂತ ಮನೆಯನ್ನೇ ಒತ್ತೆಯಿಟ್ಟರು. ಮರಳಿ ಬಂದ ಜಾಧವರು ಕುಸ್ತಿಗಳನ್ನು ಏರ್ಪಡಿಸಿ ಆ ಋಣವನ್ನು ತೀರಿಸಿದರು.

ಈ ಮೇಲ್ಪಂಕ್ತಿಯು ನಮಗೆ ಸಾಕು. ಕೂಡಿದ ಹಣವು ಹಾರತುರಾಯಿಗಳಿಗೆ ವ್ಯಯವಾಗಬಾರದು; ಮುಪ್ಪಿನ ಪೈಲವಾನರ ಔಷಧೋಪಚಾರಕ್ಕೂ ಗರಡಿಯ ಬಡ ಹುಡುಗರ ಹಾಲು-ಬಾದಾಮಿಗೂ ಸಲ್ಲತಕ್ಕದ್ದು. ಶಾಲಾಮಾಸ್ತರರು ಜಮಾಖರ್ಚನ್ನು ಬರೆದಿಟ್ಟು ಸಭೆಯಲ್ಲಿಯೇ ಓದಿ ಹೇಳಲಿ. ಲೆಕ್ಕವು ಚೊಕ್ಕವಾಗಿದ್ದರೆ ಮರುವರ್ಷ ಜನರು ಕರೆಯದೆಯೇ ಕೊಡುವರು.