ಹೊಸ ವಿಂಡೋಸ್, ಕುಗ್ಗಿದ ಬ್ಯಾಟರಿ: ಹೊಣೆ ಯಾರದು?

2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಂಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ಆ ದಿನಾಂಕದ ಆಸುಪಾಸಿನಲ್ಲಿ ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳ ಕಡೆಯ ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ವಿಂಡೋಸ್ 11ಕ್ಕೆ ಆಹ್ವಾನ ಮೂಡಿತು. ಮಕ್ಕಳು ಸಮ್ಮತಿಯ ಗುಂಡಿಯನ್ನು ಒತ್ತಿದರು. ಅಲ್ಲಿಂದೀಚೆಗೆ ಪೋಷಕರ ಬಾಯಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ ತೆರನಾದುದು: ನಿನ್ನೆಯವರೆಗೆ ನಾಲ್ಕು ಗಂಟೆ ನಿಲ್ಲುತ್ತಿದ್ದ ಬ್ಯಾಟರಿ ಇಂದು ಎರಡು ಗಂಟೆಗೆ ಮಲಗುತ್ತಿದೆ. ಅಂಗಡಿಯವನ ಉತ್ತರವೂ ಒಂದೇ: ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕಲಾಗದು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಾಲಿಟೆಕ್ನಿಕ್ಕಿಗೋ ಪದವಿ ಕಾಲೇಜಿಗೋ ಸೇರಿ, ಒಮ್ಮೆಗೇ ಇಂಗ್ಲಿಷ್ ಪಾಠಗಳ ನಡುವೆ ಬಿದ್ದ ನಮ್ಮ ಮಕ್ಕಳಿಗೆ ಲ್ಯಾಪ್‌ಟಾಪು ಪಾಠವನ್ನು ಎರಡನೆಯ ಸಲ ಕೇಳುವ ಸಾಧನ. ನಾಲ್ಕು ಮಂದಿ ಇರುವ ಹಾಸ್ಟೆಲ್ ಕೋಣೆಯಲ್ಲಿ ಪ್ಲಗ್ಗು ಒಂದೇ. ಹಳ್ಳಿಯ ಮನೆಯಲ್ಲಿ ಕರೆಂಟು ಯಾವಾಗ ಹೋಗುವುದೆಂದು ಹೇಳಬರುವುದಿಲ್ಲ. ಅಲ್ಲಿ ಎರಡು ಗಂಟೆ ಕಡಿಮೆಯಾಯಿತೆಂದರೆ ಓದಿನಲ್ಲಿಯೇ ಎರಡು ಗಂಟೆ ಕಡಿಮೆಯಾದಂತೆ. ಅದರ ಮೇಲೆ ಬೇಡದ ಬ್ಯಾಟರಿಗೆ ಕೆಲವು ಸಾವಿರ ರೂಪಾಯಿ ತೆರುವುದು ಇನ್ನೊಂದು ನಷ್ಟ.

ಬೇಡದ ಬ್ಯಾಟರಿ ಎಂದದ್ದಕ್ಕೆ ಕಾರಣವಿದೆ. ಬ್ಯಾಟರಿಯನ್ನು ನೀರಿನ ತೊಟ್ಟಿ ಎಂದು ಭಾವಿಸಿ. ತೊಟ್ಟಿ ಬೇಗ ಬರಿದಾಗಲು ಎರಡು ಕಾರಣಗಳಿರಬಹುದು: ತೊಟ್ಟಿಯೇ ಹೂಳು ತುಂಬಿ ಚಿಕ್ಕದಾಗಿರಬಹುದು, ಇಲ್ಲವೇ ನಲ್ಲಿಯನ್ನು ಯಾರೋ ಹೆಚ್ಚು ತಿರುಗಿಸಿರಬಹುದು. 40 ವ್ಯಾಟ್-ಅವರ್ ಸಾಮರ್ಥ್ಯದ ಬ್ಯಾಟರಿಯಿಂದ ಯಂತ್ರವು 8 ವ್ಯಾಟ್ ಎಳೆಯುತ್ತಿದ್ದರೆ ಅದು 5 ಗಂಟೆ ಬಾಳುತ್ತದೆ. 16 ವ್ಯಾಟ್ ಎಳೆದರೆ ಅದೇ ಬ್ಯಾಟರಿ ಎರಡೂವರೆ ಗಂಟೆಗೆ ಮುಗಿಯುತ್ತದೆ. ಲಿಥಿಯಂ ಬ್ಯಾಟರಿ ಚಾರ್ಜಿನ ಆವರ್ತನಗಳಿಂದಲೂ, ಅನಂತಪುರ ಸೀಮೆಯ ಬೇಸಿಗೆಯಂತಹ ಬಿಸಿಯಿಂದಲೂ ಸವೆಯುವುದು ನಿಜ. ಆದರೆ ಆ ಸವೆತ ತಿಂಗಳುಗಳಲ್ಲಿ ನಡೆಯುವ ಕ್ರಿಯೆ. ಒಂದು ರಾತ್ರಿಯಲ್ಲಿ ಅರ್ಧಕ್ಕೆ ಇಳಿದರೆ ಮೊದಲು ಸಂಶಯಿಸಬೇಕಾದುದು ನಲ್ಲಿಯನ್ನು.

ಹೊಸ ಆವೃತ್ತಿ ಬಂದ ಮೊದಲ ಒಂದೆರಡು ದಿನ ಯಂತ್ರವು ಕಡತಗಳ ಸೂಚಿಯನ್ನು ಹೊಸದಾಗಿ ಕಟ್ಟುತ್ತದೆ, ವೈರಸ್ ತಪಾಸಣೆ ನಡೆಸುತ್ತದೆ, ಆ್ಯಪುಗಳನ್ನು ಇಳಿಸಿಕೊಳ್ಳುತ್ತದೆ. ಇದು ತಾನಾಗಿ ಶಮನವಾಗುವ ಹಸಿವು. ವಾರ ಕಳೆದರೂ ಶಮನವಾಗದಿದ್ದರೆ ಪವರ್ ಮೋಡ್ ಬದಲಾಗಿದೆಯೇ, ಪರದೆಯ ಬೆಳಕು ಹೆಚ್ಚಿದೆಯೇ, ತಯಾರಕರು ಕೊಟ್ಟಿದ್ದ ಡ್ರೈವರ್ ಹೋಗಿ ಸಾಮಾನ್ಯ ಡ್ರೈವರ್ ಬಂದು ಕುಳಿತಿದೆಯೇ ಎಂದು ನೋಡಬೇಕು. ಮಡಚಿಟ್ಟ ಲ್ಯಾಪ್‌ಟಾಪು ಚೀಲದಲ್ಲಿ ಬಿಸಿಯಾಗಿದ್ದರೆ ಅದು ನಿಜವಾಗಿ ನಿದ್ರಿಸುತ್ತಿಲ್ಲವೆಂದು ತಿಳಿಯಬೇಕು. ಇವನ್ನು ತಯಾರಕರ ಜಾಲತಾಣದಿಂದ ಸರಿಯಾದ ಡ್ರೈವರ್ ಇಳಿಸಿಕೊಂಡು, ಸೆಟ್ಟಿಂಗ್ಸ್ ಸರಿಪಡಿಸಿ, ಖರ್ಚಿಲ್ಲದೆ ಬಗೆಹರಿಸಿಕೊಳ್ಳಲು ಎಷ್ಟೋ ಸಲ ಸಾಧ್ಯ.

ತೊಟ್ಟಿಯೋ ನಲ್ಲಿಯೋ ಎಂಬುದನ್ನು ತೀರ್ಮಾನಿಸಲು ವಿಂಡೋಸಿನೊಳಗೇ ಒಂದು ವರದಿ ಇದೆ. ಕಮಾಂಡ್ ಪ್ರಾಂಪ್ಟನ್ನು ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ ಎಂದು ಒಂದೇ ಪದವಾಗಿ ಬರೆದು, ಜಾಗ ಬಿಟ್ಟು, ಓರೆಗೆರೆಯ ಬೆನ್ನಿಗೇ ಬ್ಯಾಟರಿರಿಪೋರ್ಟ್ ಎಂದು ಬರೆದರೆ ಬ್ಯಾಟರಿಯ ವರದಿ ಸಿದ್ಧವಾಗುತ್ತದೆ. ಕಾಲೇಜಿಗೆ ಹೋಗುವ ಮಕ್ಕಳಿಗೆ ಇದು ಎರಡು ನಿಮಿಷದ ಕೆಲಸ. ಅದರಲ್ಲಿ ಎರಡು ಸಂಖ್ಯೆಗಳನ್ನು ನೋಡಬೇಕು. ಡಿಸೈನ್ ಕೆಪಾಸಿಟಿ ಎಂಬುದು ಹುಟ್ಟಿನ ಸಾಮರ್ಥ್ಯ. ಫುಲ್ ಚಾರ್ಜ್ ಕೆಪಾಸಿಟಿ ಎಂಬುದು ಇಂದಿನ ಸಾಮರ್ಥ್ಯ. ಎರಡೂ ಹತ್ತಿರ ಹತ್ತಿರ ಇದ್ದು ಯಂತ್ರ ಮಾತ್ರ ಬೇಗ ಆರುತ್ತಿದ್ದರೆ ಬ್ಯಾಟರಿ ಬದಲಿಸಿ ಫಲವಿಲ್ಲ. ಎರಡನೆಯದು ಮೊದಲನೆಯದರ ಅರ್ಧಕ್ಕೆ ಇಳಿದಿದ್ದರೆ ಅಂಗಡಿಯವನ ಮಾತು ಸರಿ.

ಈ ವರದಿಯನ್ನು ಅಪ್‌ಗ್ರೇಡ್ ಮಾಡುವ ಮುನ್ನ ಒಮ್ಮೆ, ಮಾಡಿ ಒಂದು ವಾರದ ಅನಂತರ ಇನ್ನೊಮ್ಮೆ ತೆಗೆದು ಜೋಪಾನವಾಗಿ ಇರಿಸಿಕೊಳ್ಳುವಂತೆ ನಾನು ಒತ್ತಾಯಿಸುತ್ತೇನೆ. ವ್ಯಾಜ್ಯದಲ್ಲಿ ‘ಮೊದಲು ಚೆನ್ನಾಗಿತ್ತು’ ಎಂಬ ಮಾತಿಗೆ ಬೆಲೆ ಬರುವುದು ಮೊದಲಿನ ಅಳತೆ ಕೈಯಲ್ಲಿದ್ದಾಗ. ಲೇಪಾಕ್ಷಿಯ ವೀರಭದ್ರಸ್ವಾಮಿ ದೇವಾಲಯದ ತೂಗುಕಂಬದ ಅಡಿಯಲ್ಲಿ ಬಟ್ಟೆ ಎಳೆದು ನೋಡದ ಪ್ರವಾಸಿಗರಿಲ್ಲ. ಬ್ರಿಟಿಷ್ ಎಂಜಿನಿಯರನೊಬ್ಬ ಅದರ ಗುಟ್ಟು ತಿಳಿಯಲು ಹೋಗಿ ಕಂಬವನ್ನು ಜರುಗಿಸಿದನೆಂಬ ಕಥೆಯನ್ನೂ ಎಲ್ಲರೂ ಹೇಳುತ್ತಾರೆ. ಜರುಗುವ ಮುನ್ನ ಅದು ಎಷ್ಟು ನೆಟ್ಟಗಿತ್ತೆಂದು ಅಳತೆ ಹಿಡಿದು ಹೇಳಬಲ್ಲವರನ್ನು ಮಾತ್ರ ನಾನು ಕಂಡಿಲ್ಲ. ಆದ್ದರಿಂದ ಅದು ಕಥೆಯಾಗಿಯೇ ಉಳಿದಿದೆ.

ಈಗ ಕಾನೂನಿನ ಮಾತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಅಪ್‌ಗ್ರೇಡಿಗೆಂದು ಪ್ರತ್ಯೇಕ ಕಲಮು ಇಲ್ಲ. ಸಾಮಾನ್ಯ ಪದಗಳಲ್ಲಿಯೇ ದಾರಿ ಹುಡುಕಬೇಕು. ಮಾರಾಟಗಾರನು ಹೇಳಿಕೊಂಡ ಗುಣಮಟ್ಟಕ್ಕೆ ವಸ್ತುವು ಕಡಿಮೆ ಬಿದ್ದರೆ ಅದು ‘ದೋಷ’. ಸೇವೆಯ ‘ನ್ಯೂನತೆ’ಯನ್ನು ವಿವರಿಸುವ 2(11)ನೆಯ ಕಲಮಿನಲ್ಲಿ, ಗ್ರಾಹಕನಿಗೆ ತಿಳಿಯಬೇಕಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ತಡೆಹಿಡಿಯುವುದೂ ನ್ಯೂನತೆಯೇ ಎಂದು ಹೇಳಿದೆ. ನನ್ನ ಅಭಿಪ್ರಾಯದಲ್ಲಿ ಇಂತಹ ಪ್ರಕರಣಗಳ ಜೀವಾಳ ಇದೇ. ಹೊಸ ಆವೃತ್ತಿ ಹೆಚ್ಚು ವಿದ್ಯುತ್ತನ್ನು ಬಳಸುವುದೇ ಅಪರಾಧವಾಗಲಾರದು; ಹಳೆಯ ಯಂತ್ರದಲ್ಲಿ ಹೀಗಾಗುವುದೆಂದು ತಿಳಿದಿದ್ದೂ ಸಮ್ಮತಿಯ ಗುಂಡಿಯ ಪಕ್ಕದಲ್ಲಿ ಹೇಳದಿರುವುದು ಪ್ರಶ್ನಾರ್ಹ.

ಕಂಪನಿಯ ವಕೀಲರು ಏನು ಹೇಳುವರೆಂಬುದನ್ನೂ ಊಹಿಸಬಹುದು. ಉಚಿತ ಸೇವೆ ಕಾಯಿದೆಯ ‘ಸೇವೆ’ಯ ವ್ಯಾಖ್ಯೆಯೊಳಗೆ ಬಾರದು, ಅಪ್‌ಗ್ರೇಡನ್ನು ನಾವು ಉಚಿತವಾಗಿ ಕೊಟ್ಟೆವು ಎನ್ನುವರು. ಲ್ಯಾಪ್‌ಟಾಪಿಗೆ ಕೊಟ್ಟ ಬೆಲೆಯಲ್ಲಿಯೇ ವಿಂಡೋಸಿನ ಬೆಲೆಯೂ ಅದರ ಮುಂದಿನ ಪೋಷಣೆಯೂ ಸೇರಿವೆ ಎಂಬುದು ನಮ್ಮ ಉತ್ತರವಾಗಬೇಕು. ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಇಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ವಸ್ತುವಿಗೇ ಆದ ಹಾನಿಯನ್ನು ಅದು ‘ಹಾನಿ’ಯೆಂದು ಎಣಿಸುವುದಿಲ್ಲ. ದೂರು ಬರೆಯುವವರು ಆ ಕಡೆ ಕಾಲಿಡದಿರುವುದು ಲೇಸು.

ಮಾಹಿತಿ ಮುಚ್ಚಿಟ್ಟದ್ದಕ್ಕೆ ಹೊರದೇಶದಲ್ಲಿ ದಂಡ ಬಿದ್ದದ್ದುಂಟು. ಹಳೆಯ ಬ್ಯಾಟರಿಯಿರುವ ಐಫೋನುಗಳು ಒಮ್ಮೆಗೇ ಆರಿಹೋಗದಿರಲೆಂದು ಅಪ್‌ಡೇಟಿನ ಮೂಲಕ ಅವುಗಳ ವೇಗವನ್ನು ತಗ್ಗಿಸಿದ್ದಾಗಿ ಆ್ಯಪಲ್ ಸಂಸ್ಥೆ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. 2020ರ ಫೆಬ್ರವರಿಯಲ್ಲಿ ಫ್ರಾನ್ಸಿನ ಗ್ರಾಹಕ ಪ್ರಾಧಿಕಾರವು ಅದಕ್ಕೆ 2.5 ಕೋಟಿ ಯೂರೋ ದಂಡ ವಿಧಿಸಿತು. ಕಾರಣ, ವೇಗ ತಗ್ಗಬಹುದೆಂದು ಬಳಕೆದಾರರಿಗೆ ತಿಳಿಸಿರಲಿಲ್ಲ ಎಂಬುದು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದ ಘಟನೆ 2025ರ ಜನವರಿಯದು. ಐಒಎಸ್ 18ರ ಅಪ್‌ಡೇಟಿನ ಅನಂತರ ಐಫೋನುಗಳ ಕಾರ್ಯಕ್ಷಮತೆ ಕುಂದಿತೆಂದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರುಗಳು ಬಂದಿದ್ದವು. ಅವನ್ನು ಪರಿಶೀಲಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮೂಲಕ ಆ್ಯಪಲ್ ಸಂಸ್ಥೆಗೆ ನೋಟಿಸು ಕಳುಹಿಸಿ ಉತ್ತರ ಕೇಳಲಾಗಿದೆಯೆಂದು ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ಪ್ರಕಟಿಸಿದರು. ಅಲ್ಲಿ ವಿವಾದ ಫೋನಿನದು, ನಮ್ಮದು ಲ್ಯಾಪ್‌ಟಾಪಿನದು; ಆದರೂ ಪ್ರಶ್ನೆ ಒಂದೇ. ಗಮನಿಸಬೇಕಾದುದೆಂದರೆ, ಆ ನೋಟಿಸು ಹುಟ್ಟಿದ್ದು ಸಾಮಾನ್ಯ ಜನ ಮಾಡಿದ ದೂರವಾಣಿ ಕರೆಗಳಿಂದ. ಒಂದು ಮನೆಯ ದೂರಿಗೆ ಕಂಪನಿ ಕಿವಿಗೊಡದಿರಬಹುದು. ದಾಖಲಾದ ದೂರುಗಳು ಒಂದರ ಮೇಲೊಂದು ಬಿದ್ದಾಗ ಸರ್ಕಾರ ಕಿವಿಗೊಡಬೇಕಾಗುತ್ತದೆ.

ಆ ಸಹಾಯವಾಣಿಯ ಸಂಖ್ಯೆ 1915. ಅಲ್ಲಿ 17 ಭಾಷೆಗಳಲ್ಲಿ ದೂರು ಹೇಳಿಕೊಳ್ಳಬಹುದು, ಕನ್ನಡವೂ ಅವುಗಳಲ್ಲೊಂದು. ಆಂಧ್ರದ ನೆಲದಲ್ಲಿ ನಿಂತು ಕನ್ನಡದಲ್ಲಿಯೇ ದೂರು ದಾಖಲಿಸುವ ಅವಕಾಶ ಎಲ್ಲ ಕಚೇರಿಗಳಲ್ಲಿಯೂ ನಮಗಿಲ್ಲ, ಇರುವೆಡೆ ಬಳಸಿಕೊಳ್ಳಬೇಕು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ, ಕಂಪನಿಯ ಮುಂದೆ ದೂರನ್ನಿಟ್ಟು ಉತ್ತರ ತರಿಸುವುದಷ್ಟೇ ಅದರ ಕೆಲಸ. ಅದು ಕೊಡುವ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಫಲ ಕಾಣದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನಮ್ಮ ಕಡೆಯವರು ಲ್ಯಾಪ್‌ಟಾಪನ್ನು ಕೊಳ್ಳುವುದು ಬಹುಪಾಲು ಬೆಂಗಳೂರಿನಲ್ಲಿ. ಹಿಂದಿನ ಕಾಯಿದೆಯಲ್ಲಿ ಎದುರುದಾರ ಇರುವ ಕಡೆಗೋ ವ್ಯಾಜ್ಯಕಾರಣ ಹುಟ್ಟಿದ ಕಡೆಗೋ ಹೋಗಬೇಕಾಗಿತ್ತು. ಈಗ 34ನೆಯ ಕಲಮಿನ ಪ್ರಕಾರ ದೂರುದಾರ ವಾಸಿಸುವ ಸ್ಥಳದ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು; ಬಿಲ್ಲು ಕರ್ನಾಟಕದ್ದೆಂದು ಯಾರೂ ತಿರಸ್ಕರಿಸುವಂತಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ವಕೀಲರನ್ನು ನೇಮಿಸಲೇಬೇಕೆಂಬ ನಿಯಮವೂ ಇಲ್ಲ. ನನ್ನ ವೃತ್ತಿಬಾಂಧವರು ಈ ವಾಕ್ಯಕ್ಕಾಗಿ ನನ್ನನ್ನು ಕ್ಷಮಿಸಲಿ. ದೋಷವನ್ನು ಪರೀಕ್ಷೆಯಿಲ್ಲದೆ ತಿಳಿಯಲಾಗದಿದ್ದರೆ ಆಯೋಗವು ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲುದು. ಇತ್ಯರ್ಥಕ್ಕೆ ಕಾಯಿದೆ ಹೇಳುವ ಅವಧಿ ಮೂರು ತಿಂಗಳು, ಪರೀಕ್ಷೆ ಬೇಕಾದಲ್ಲಿ ಐದು. ಆಯೋಗದ ಗಡಿಯಾರ ಸಾಮಾನ್ಯವಾಗಿ ಅದಕ್ಕಿಂತ ನಿಧಾನ.

ಕಾಲಮಿತಿಗಳು ಎರಡುಂಟು. ಕಾನೂನಿನ ಕಾಲಮಿತಿ ವ್ಯಾಜ್ಯಕಾರಣ ಹುಟ್ಟಿದಂದಿನಿಂದ ಎರಡು ವರ್ಷ. ಯಂತ್ರದ ಕಾಲಮಿತಿ ಇದಕ್ಕಿಂತ ಕಠಿಣವಾದುದು: ವಿಂಡೋಸ್ 11ಕ್ಕೆ ಏರಿದ 10 ದಿನಗಳೊಳಗೆ ಸೆಟ್ಟಿಂಗ್ಸಿನ ರಿಕವರಿ ಪುಟದಿಂದ ಹಿಂದಿನ ಆವೃತ್ತಿಗೆ ಮರಳಬಹುದು, ಅನಂತರ ಆ ಬಾಗಿಲು ಮುಚ್ಚುತ್ತದೆ. ಪರೀಕ್ಷೆಯ ಹೊಸ್ತಿಲಲ್ಲಿರುವ ವಿದ್ಯಾರ್ಥಿ ದೋಷ ಕಂಡೊಡನೆ ವರದಿಯನ್ನು ಬೇರೆಡೆ ಉಳಿಸಿಕೊಂಡು ಹಿಂದಿರುಗುವುದು ವಿಹಿತ. ಆದರೆ ವಿಂಡೋಸ್ 10ಕ್ಕೆ ಮರಳಿದವರು ಹೆಚ್ಚುವರಿ ಭದ್ರತಾ ಅಪ್‌ಡೇಟುಗಳಿಗೆ ನೋಂದಾಯಿಸಿಕೊಳ್ಳಬೇಕು. ಮನೆಬಳಕೆದಾರರಿಗೆಂದು ಪ್ರಕಟಿಸಿದ ಆ ಯೋಜನೆಯ ಗಡುವು 2026ರ ಅಕ್ಟೋಬರ್ 13.

ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು ಕೊಂಡವರ ಸ್ಥಿತಿ ಬೇರೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಸಾಕಷ್ಟು ಹೊಸದಾದ ಪ್ರೊಸೆಸರೂ ಬೇಕು. ಅವಿಲ್ಲದ ಯಂತ್ರಗಳಿಗೂ ಕೆಲವು ಅಂಗಡಿಗಳಲ್ಲಿ ತಪಾಸಣೆಯನ್ನು ತಪ್ಪಿಸಿ ಹೊಸ ಆವೃತ್ತಿಯನ್ನು ಹಾಕಿಕೊಡುತ್ತಾರೆ. ಅಂತಹ ಯಂತ್ರದ ಬ್ಯಾಟರಿ ಕುಗ್ಗಿದರೆ ಮೈಕ್ರೋಸಾಫ್ಟನ್ನಾಗಲಿ ತಯಾರಕರನ್ನಾಗಲಿ ಹೊಣೆಮಾಡುವುದು ಕಷ್ಟ. ಹೊಣೆ ಹಾಕಿಕೊಟ್ಟ ಅಂಗಡಿಯದು, ಅದೂ ಹಣ ಪಡೆದು ಹಾಕಿಕೊಟ್ಟಿದ್ದರೆ. ಆದ್ದರಿಂದ ಲ್ಯಾಪ್‌ಟಾಪಿನ ಮಾದರಿ, ಹಾಕಿದ ಆವೃತ್ತಿ, ದಿನಾಂಕ, ಪಡೆದ ಮೊತ್ತ ಇಷ್ಟನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳದೆ ಹಣ ಕೊಡಬೇಡಿ. ಬಿಲ್ಲು ಕೊಡೆವೆನ್ನುವ ಅಂಗಡಿಯಿಂದ ಲ್ಯಾಪ್‌ಟಾಪನ್ನು ಹಾಗೆಯೇ ವಾಪಸು ತನ್ನಿ.