ವೃದ್ಧಾಶ್ರಮದಿಂದ ಹೊರಗೆ ಕಳಿಸಲು ನಿಯಮ ಎಲ್ಲಿದೆ?

ವೃದ್ಧಾಶ್ರಮಕ್ಕೆ ಸೇರಿಸುವಾಗ ಕೊಡುವ ಕರಾರುಪತ್ರವನ್ನು ಪೂರ್ತಿ ಓದುವವರು ಕಡಿಮೆ. ಠೇವಣಿ ಎಷ್ಟು, ತಿಂಗಳ ಶುಲ್ಕ ಎಷ್ಟು ಎಂದಷ್ಟೇ ನೋಡಿ ಮಕ್ಕಳು ಸಹಿ ಹಾಕುತ್ತಾರೆ. ಬಹಳ ಕಡೆ ಅದರಲ್ಲೊಂದು ಷರತ್ತು ಇರುತ್ತದೆ: ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರೆಗೆ ಮಾತ್ರ ವಾಸ, ಹಾಸಿಗೆ ಹಿಡಿದರೆ ಮನೆಯವರು ಕರೆದೊಯ್ಯಬೇಕು. ಅಂದರೆ, ಆರೈಕೆ ನಿಜಕ್ಕೂ ಬೇಕಾದ ಹೊತ್ತಿಗೇ ಜಾಗ ಕೈತಪ್ಪುತ್ತದೆ.

ಸೇರಿಸಿಕೊಳ್ಳುವ ಬಗ್ಗೆ ನಮ್ಮಲ್ಲಿ ನಿಯಮಗಳಿಗೆ ಬರವಿಲ್ಲ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಮು, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಸಾಲುವಂತೆ ಆಶ್ರಮ ತೆರೆಯುವ ಮಾತಾಡುತ್ತದೆ. ಕೇಂದ್ರದ ಮಾದರಿ ನಿಯಮಗಳ ಪ್ರಕಾರ, ಜಾಗಕ್ಕಿಂತ ಅರ್ಜಿ ಹೆಚ್ಚಾದರೆ ಹೆಚ್ಚು ಬಡವರಿಗೆ, ಹೆಚ್ಚು ವಯಸ್ಸಾದವರಿಗೆ, ಮಹಿಳೆಯರಿಗೆ ಆದ್ಯತೆ. ಜಾತಿ, ಧರ್ಮ ನೋಡುವಂತಿಲ್ಲ.

ಹೊರಗೆ ಕಳಿಸುವುದು ಹೇಗೆ? ಕಾಯ್ದೆಯಲ್ಲಿ ಅದಕ್ಕೆ ಒಂದು ಕಲಮೂ ಇಲ್ಲ. ಹಿರಿಯರನ್ನು ಬೀದಿಪಾಲು ಮಾಡುವ ಮಕ್ಕಳಿಗೆ 24ನೇ ಕಲಮಿನಡಿ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಇದೆ. ಉಪವಿಭಾಗಾಧಿಕಾರಿಯ ನ್ಯಾಯಮಂಡಳಿ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಆದರೆ ಆಶ್ರಮದ ಮೇಲಿನ ದೂರಿಗೆ ಅಲ್ಲಿ ಜಾಗವಿಲ್ಲ. ಶುಲ್ಕ ಕಟ್ಟುವವರು ಗ್ರಾಹಕರ ಆಯೋಗಕ್ಕೆ ಹೋಗಬಹುದು, ನಿಜ. ಎಂಬತ್ತು ದಾಟಿದವರಿಗೆ ಆ ಅಲೆದಾಟ ಎಷ್ಟು ಸಾಧ್ಯ? ಆರೈಕೆ ಗೃಹಗಳ ನೋಂದಣಿ ಕಡ್ಡಾಯ ಮಾಡಬೇಕೆಂದ 2019ರ ತಿದ್ದುಪಡಿ ಮಸೂದೆಯೂ 17ನೇ ಲೋಕಸಭೆಯೊಂದಿಗೇ ಅಸುನೀಗಿತು.

ಅಮೆರಿಕದ ಉದಾಹರಣೆ ನೋಡಬೇಕು. ಸರ್ಕಾರದ ಹಣ ಪಡೆಯುವ ನರ್ಸಿಂಗ್ ಹೋಮ್‌ಗಳಿಗೆ ಅಲ್ಲಿ 1987ರ ಕಾನೂನೇ ಕಡಿವಾಣ ಹಾಕಿದೆ. ನಿವಾಸಿಯ ಇಷ್ಟಕ್ಕೆ ವಿರುದ್ಧವಾಗಿ ಕಳಿಸಲು ಇರುವುದು ಆರೇ ಕಾರಣ: ಆತನಿಗೆ ಬೇಕಾದ ಆರೈಕೆ ಅಲ್ಲಿ ಸಾಧ್ಯವಿಲ್ಲದಿರುವುದು, ಆರೈಕೆ ಬೇಡವಾಗುವಷ್ಟು ಆರೋಗ್ಯ ಸುಧಾರಿಸುವುದು, ಇತರರ ಸುರಕ್ಷತೆಗೆ ಅಪಾಯ, ಇತರರ ಆರೋಗ್ಯಕ್ಕೆ ಅಪಾಯ, ಬಾಕಿ ಕಟ್ಟದಿರುವುದು, ಸಂಸ್ಥೆ ಮುಚ್ಚುವುದು. ಸಾಮಾನ್ಯವಾಗಿ 30 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು, ಮೇಲ್ಮನವಿಗೆ ಅವಕಾಶ ಇರಬೇಕು. ಶುಲ್ಕಕ್ಕೆ ಬೇರೊಬ್ಬರ ಜಾಮೀನು ಕೇಳುವಂತಿಲ್ಲ.

ಆಶ್ರಮ ನಡೆಸುವವರ ಕಷ್ಟವೂ ಸುಳ್ಳಲ್ಲ. ಮರೆವಿನ ಕಾಯಿಲೆಯವರು ರಾತ್ರಿ ಎದ್ದು ಗೇಟಿನತ್ತ ನಡೆದರೆ ಕಾಯಲು ತರಬೇತಾದ ಸಿಬ್ಬಂದಿ ಬೇಕು, ಅವರಿಗೆ ಸಂಬಳ ಕೊಡಬೇಕು. ಎಲ್ಲರನ್ನೂ ಕೊನೆಯವರೆಗೆ ಇಟ್ಟುಕೊಳ್ಳಿ ಎಂದು ಯಾರೂ ಕೇಳುತ್ತಿಲ್ಲ. ಫೋನ್ ಮಾಡಿ ‘ನಾಳೆ ಬಂದು ಕರೆದುಕೊಂಡು ಹೋಗಿ’ ಎನ್ನುವ ಪದ್ಧತಿ ನಿಲ್ಲಬೇಕು, ಅಷ್ಟೆ.

ಕರ್ನಾಟಕ ಸರ್ಕಾರ ಇದಕ್ಕೆ ದೆಹಲಿಯ ಮುಖ ನೋಡುತ್ತಾ ಕೂರಬೇಕಿಲ್ಲ. ಅನುದಾನ ಪಡೆಯುವ ಆಶ್ರಮಗಳಿಗೆ ನಾಲ್ಕು ಷರತ್ತು ಹಾಕಲಿ: ಕಾರಣ ಬರೆದ 30 ದಿನಗಳ ನೋಟಿಸ್, ಕರಾರುಪತ್ರದಲ್ಲಿ ಮಕ್ಕಳ ಜೊತೆ ಹಿರಿಯರ ಸಹಿ, ಠೇವಣಿ ವಾಪಸಿಗೆ ಗಡುವು, ಮುಂದಿನ ಜಾಗ ಗೊತ್ತಾಗುವವರೆಗೆ ಹಾಸಿಗೆ ಖಾಲಿ ಮಾಡಿಸದಿರುವುದು. ಖಾಸಗಿ ಆಶ್ರಮಗಳಿಗೆ ನೋಂದಣಿ ಕಾನೂನು ತಂದು ಅದರಲ್ಲೂ ಇವನ್ನೇ ಸೇರಿಸಲಿ, ದೂರು ಕೇಳುವ ಅಧಿಕಾರವನ್ನು ಉಪವಿಭಾಗಾಧಿಕಾರಿಗೆ ಕೊಡಲಿ.